ಹೊತ್ತು ಮುಳುಗುವ ಮುನ್ನ

"ಊಟ ಆಯ್ತಾ?"

ಅಚ್ಯುತ ಕೇಳಿದ. ಶ್ರಾವ್ಯ ಅವನ ಮುಖ ನೋಡದೆ "ಆಯ್ತು" ಎಂದಳು.

ಶುದ್ಧ ಸುಳ್ಳು. ಅರಸೀಕೆರೆ ಜಂಕ್ಷನ್ನಿನ ಕೊನೆಯ ಪ್ಲಾಟ್‌ಫಾರಂನಲ್ಲಿ, ಅವಳು ಕೂತ ಕಲ್ಲುಬೆಂಚಿನ ಮೇಲೆಯೇ, ಅಜ್ಜಿ ಕಟ್ಟಿಕೊಟ್ಟ ಟಿಫಿನ್ ಕ್ಯಾರಿಯರ್ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಆದರೆ ಸ್ಟೇಷನ್ನಿನ ದೀಪಗಳು ಹತ್ತಿಯಾಗಿತ್ತು. ಶ್ರಾವ್ಯ ಹಳೇಬೀಡಿನ ಬಸದಿಗಳ ಪಕ್ಕದ ಜೈನರ ಮನೆಯ ಹುಡುಗಿ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಅನ್ನ ಹಾಕುವುದಿಲ್ಲ. ಇನ್ನು ನಾಳೆ ಬೆಳಗಾಗುವವರೆಗೆ ಹೊಟ್ಟೆಗೆ ಸಮಾಧಾನ ಹೇಳಿಕೊಂಡು ಕೂರಬೇಕು.

"ಯಾವಾಗ ಆಯ್ತು? ನಾನು ನೋಡ್ಲೇ ಇಲ್ವಲ್ಲ." ಅವನ ಕೈಯಲ್ಲಿ ಬಿಸಿಬಿಸಿ ಪಲಾವಿನ ತಟ್ಟೆ ಇತ್ತು. ಅದರ ಹಬೆ ನೇರವಾಗಿ ಅವಳ ಮೂಗಿಗೇ ಬಂತು.

"ನಾನು ಊಟ ಮಾಡೋದನ್ನ ನೋಡೋದೂ ನಿಮ್ಮ ಕೆಲಸಾನಾ?"

"ಸೆಟ್ಟಲ್ಲಿ ಎಲ್ಲಾನೂ ನೋಡೋದೇ ನನ್ನ ಕೆಲಸ ಕಣ್ರೀ," ಎಂದು ಅವನು ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಅದನ್ನು ಗಮನಿಸಬಾರದೆಂದು ಶ್ರಾವ್ಯ ತೀರ್ಮಾನಿಸಿ ಒಂದು ವಾರವಾಗಿತ್ತು. ತೀರ್ಮಾನ ದಿನಕ್ಕೊಂದು ಸಲ ಮುರಿದು ಬೀಳುತ್ತಿತ್ತು.

ಅವಳು ಹಳೇಬೀಡಿನ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಟೀಚರ್. ಹೈಸ್ಕೂಲು, ಕಾಲೇಜಿನ ಮಕ್ಕಳು ಓದಲೆಂದು 'ಹನ್ನೊಂದನೇ ಬೋಗಿ' ಎಂಬ ಕಾದಂಬರಿ ಬರೆದಿದ್ದಳು. ಎಪ್ಪತ್ತೊಂದರ ಯುದ್ಧದ ಕಾಲ. ಅರಸೀಕೆರೆಯ ಮೇಲೆ ಹಾದುಹೋಗುವ ಮಿಲಿಟರಿ ರೈಲಿನ ಕಿಟಕಿಯಲ್ಲಿ, ಆಗಷ್ಟೇ ಕಾಲೇಜು ಸೇರಿದ ಪದ್ದಿ ಎಂಬ ಹುಡುಗಿ ಒಬ್ಬ ಎಳೆಯ ಸಿಪಾಯಿಗೆ ಊಟದ ಡಬ್ಬಿ ಕೊಡುತ್ತಾಳೆ. ಬರುವಾಗ ಡಬ್ಬಿ ವಾಪಸ್ ಕೊಡುತ್ತೇನೆ, ಆಗ ಇಬ್ಬರೂ ಒಟ್ಟಿಗೆ ಊಟ ಮಾಡೋಣ ಎಂದು ಅವನು ಮಾತು ಕೊಡುತ್ತಾನೆ. ಯುದ್ಧ ಮುಗಿಯುತ್ತದೆ. ಡಬ್ಬಿ ಹಿಡಿದು ಪದ್ದಿ ಕಾದೂ ಕಾದೂ ಕತ್ತಲಾದ ಮೇಲೆ ರೈಲು ವಾಪಸಾಗುತ್ತದೆ. ಹನ್ನೊಂದನೇ ಬೋಗಿಯ ಆ ಕಿಟಕಿಯಲ್ಲಿ ಬೇರೆ ಯಾರದೋ ಮುಖವಿರುತ್ತದೆ. ಪದ್ದಿ ತಾನು ತಂದ ಹೊಸ ಡಬ್ಬಿಯನ್ನು ಆ ಅಪರಿಚಿತನಿಗೇ ಕೊಟ್ಟು, ಅವನು ತಿನ್ನುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಪುಸ್ತಕ ಓದಿದ ಮಕ್ಕಳೆಲ್ಲ ಅತ್ತರು. ಬೆಂಗಳೂರಿನ ನಿರ್ದೇಶಕಿ ವೇದವಲ್ಲಿಯೂ ಅತ್ತು, ಕಣ್ಣು ಒರೆಸಿಕೊಂಡು, ಸಿನಿಮಾ ಮಾಡುತ್ತೇನೆಂದು ಹೊರಟುಬಂದರು. ಚಿತ್ರಕಥೆ ಬರೆದವನು ಅವರ ಅಸೋಸಿಯೇಟ್ ಡೈರೆಕ್ಟರ್ ಅಚ್ಯುತ. ಬೇಲೂರಿನವನು. ಅವನ ತಂದೆ ಗೋಪಾಲಸ್ವಾಮಿ ಅಲ್ಲಿನ ದೇವಸ್ಥಾನದ ಸೇವೆಯಲ್ಲಿದ್ದವರು.

ಸಿನಿಮಾ ಎಂದಾಗ ಹಿಗ್ಗಿದ್ದ ಶ್ರಾವ್ಯಳಿಗೆ ಶೂಟಿಂಗ್ ಶುರುವಾದ ಮೇಲೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಾನು ಕಟ್ಟಿದ ಮನೆಯೊಳಗೆ ಬೇರೆಯವರು ಪಾತ್ರೆ ಎತ್ತಿಡುವುದನ್ನು ಬಾಗಿಲಲ್ಲಿ ನಿಂತು ನೋಡಿದ ಹಾಗೆ. ಜೊತೆಗೆ ಆ ಹಸಿವು ಬೇರೆ. ಸಿನಿಮಾದವರಿಗೆ ದಿನದ ಬೆಳಕೆಲ್ಲ ಒಂದು ತೂಕ, ಮುಳುಗುವ ಸೂರ್ಯನ ಹೊಂಬೆಳಕೇ ಒಂದು ತೂಕ. ಸರಿಯಾಗಿ ಅವಳು ಡಬ್ಬಿ ಬಿಚ್ಚಬೇಕಾದ ಹೊತ್ತಿಗೆ ವೇದಾ ಮೇಡಂ "ರೈಟರ್ ಎಲ್ಲಿ? ಮಾನಿಟರ್ ಹತ್ರ ಬನ್ನಿ" ಎಂದು ಕೂಗುತ್ತಿದ್ದರು. ಅಷ್ಟು ಜನ ಉಸಿರು ಬಿಗಿಹಿಡಿದು ಕೆಲಸ ಮಾಡುವಾಗ ತಾನೊಬ್ಬಳೇ ಕೂತು ಚಪಾತಿ ಮುರಿಯುವುದು ಹೇಗೆಂದು ನಾಚಿಕೊಂಡು ಎದ್ದುಹೋಗುತ್ತಿದ್ದಳು. ಆ ಬೆಳಕು ಮುಗಿದರೆ ಅವಳ ಊಟದ ಹೊತ್ತೂ ಮುಗಿದಂತೆ.

ಅಂದು ಅಚ್ಯುತ ಪಲಾವಿನ ತಟ್ಟೆ ಪಕ್ಕಕ್ಕಿಟ್ಟು ಕೆಲವು ಹಾಳೆಗಳನ್ನು ಕೊಟ್ಟ. "ಕೊನೇ ಸೀನ್. ಪ್ರೊಡ್ಯೂಸರ್‌ಗೆ ಹುಡುಗ ವಾಪಸ್ ಬರಬೇಕಂತೆ. ಬರೆದಿದೀನಿ. ಓದಿ, ಬೈಯಿರಿ."

ಅವಳು ಓದಿದಳು. ರೈಲು ಬರುತ್ತದೆ. ರಾತ್ರಿ. ಪ್ಲಾಟ್‌ಫಾರಂ ದೀಪದ ಕೆಳಗೆ ಸಿಪಾಯಿ ಇಳಿಯುತ್ತಾನೆ. ಪದ್ದಿ ಡಬ್ಬಿ ಬಿಚ್ಚುತ್ತಾಳೆ. ಒಂದೇ ಡಬ್ಬಿಯಲ್ಲಿ ಇಬ್ಬರೂ ತಿನ್ನುತ್ತಾರೆ.

ಶ್ರಾವ್ಯಳ ಕಿವಿ ಬಿಸಿಯಾದವು. "ಪದ್ದಿ ರಾತ್ರಿ ಊಟ ಮಾಡ್ತಾಳಾ?"

"ಪಾಪ, ಅಷ್ಟು ಹಸಿದಿರ್ತಾಳಲ್ಲ. ಅವನಿಗೋಸ್ಕರ ಊಟ ಬಿಟ್ಟಿದ್ಲು, ಅವನು ಬಂದ, ಒಟ್ಟಿಗೆ ತಿಂತಾರೆ. ಥಿಯೇಟರಲ್ಲಿ ಜನ ಅಳ್ತಾರೆ."

"ಜನ ನಗ್ತಾರೆ. ನೀವು ನನ್ನ ಪುಸ್ತಕ ಓದಿದೀರಾ?"

"ಮೂರು ಸಲ."

"ಹಾಗಾದ್ರೆ ನಾಲ್ಕನೇ ಸಲ ಓದಿ," ಎಂದು ಹಾಳೆಗಳನ್ನು ಅವನ ಎದೆಗೊತ್ತಿ, ಚೀಲ ಹೆಗಲಿಗೇರಿಸಿ, ಅವಳು ಹಳೇಬೀಡಿನ ಬಸ್ಸಿಗೆ ಹೊರಟೇಬಿಟ್ಟಳು.

ಅಚ್ಯುತ ಹಾಳೆಗಳನ್ನು ಹಿಡಿದು ನಿಂತೇ ಇದ್ದ. ಊಟದ ಉಸ್ತುವಾರಿಯ ದೇವೀರಪ್ಪ ಹತ್ತಿರ ಬಂದು, "ಬುಡಿ ಸಾ, ಆಯಮ್ಮಂಗೆ ನಮ್ ಊಟ ಆಗ್ಬರಾಕಿಲ್ಲ. ದಿನಾ ಹಿಂಗೇಯ. ಬುಕ್ ಬರ್ದವ್ರು ಅಂದ್ರೆ ವಸಿ ಜಂಬ ಇರ್ತೈತೆ," ಎಂದ. ಅಚ್ಯುತನಿಗೂ ಹಾಗೇ ಅನ್ನಿಸಿತು. ಆದರೂ ಆ ಜಂಬದ ಹುಡುಗಿ ಬಸ್ ಹತ್ತುವವರೆಗೂ ಅವನು ಅತ್ತಲೇ ನೋಡುತ್ತಿದ್ದ.

ಮಾರನೆಯ ಬೆಳಿಗ್ಗೆ ಶೂಟಿಂಗ್ ಹಳೇಬೀಡಿನ ಕೆರೆ ಏರಿಯ ಮೇಲಿತ್ತು. ಪದ್ದಿಯ ಪಾತ್ರದ ಸಿರಿ ಎಂಬ ಹೊಸ ಹುಡುಗಿ ಹಳೇ ಕಾಲದ ಸೈಕಲ್ ತುಳಿಯುತ್ತಾ ಮತ್ತೆ ಮತ್ತೆ ಬೀಳುತ್ತಿದ್ದಳು. ಶ್ರಾವ್ಯ ದೂರ ಒಂದು ಕಲ್ಲಿನ ಮೇಲೆ ಕೂತು ನೀರು ನೋಡುತ್ತಿದ್ದಳು. ಅಚ್ಯುತ ಬಂದು, ಒಂದು ಮಾರು ಅಂತರ ಬಿಟ್ಟು ಕೂತ.

"ನಾಲ್ಕನೇ ಸಲ ಓದಿದೆ."

"ಇಡೀ ರಾತ್ರಿನಾ?" ಅವಳಿಗೆ ಬೇಡವೆಂದರೂ ಬೆರಗಾಯಿತು. ಅವನ ಕಣ್ಣು ನಿಜಕ್ಕೂ ಕೆಂಪಾಗಿದ್ದವು.

"ನೀವೇ ಬರೆದಿದೀರಲ್ಲ, 'ಕತ್ತಲಾಗಿತ್ತು. ಪದ್ದಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ' ಅಂತ. ಅವನಿಲ್ಲದೆ ಅವಳಿಗೆ ಊಟ ಸೇರಲಿಲ್ಲ ಅಂತ ತಾನೇ? ಅದಕ್ಕಿಂತ ಚೆನ್ನಾಗಿ ಪ್ರೀತೀನ ಹೇಗೆ ಹೇಳೋದು? ನಾನು ಈ ಸಿನಿಮಾಕ್ಕೆ ಬಂದಿದ್ದೇ ಆ ಒಂದು ಸಾಲಿಗೆ ಕಣ್ರೀ."

ತನ್ನ ಸಾಲೊಂದನ್ನು ಗಂಡಸೊಬ್ಬ ಹಾಗೆ ಬಾಯಿಪಾಠ ಒಪ್ಪಿಸಿದರೆ ಯಾವ ಬರಹಗಾರ್ತಿಯ ಕೋಪ ತಾನೇ ನಿಂತೀತು? ಶ್ರಾವ್ಯಳ ಕೋಪ ಅರ್ಧ ಕರಗಿತು. ಅವನು ಹೇಳಿದ ಅರ್ಥ ತಪ್ಪು ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಅವನ ನೋಟ ಅವಳ ಕಡೆ ತಿರುಗಿತು. ಗಾಳಿಗೆ ಹಾರಿ ತುಟಿಗೆ ಅಂಟಿದ್ದ ಅವಳ ಮುಂಗುರುಳಿನ ಮೇಲೆ ನಿಂತಿತು. ಅವಳೇ ಅದನ್ನು ಕಿವಿಯ ಹಿಂದೆ ಸಿಕ್ಕಿಸಿದ ಮೇಲೂ ಅಲ್ಲೇ ನಿಂತಿತ್ತು. ಅವಳು ಹೇಳಬೇಕಾದ್ದನ್ನು ಮರೆತಳು.

"ಅವನು ಬರೋದು ಬೇಡ," ಎಂದಷ್ಟೇ ಹೇಳಿದಳು. "ಅದು ನಮ್ಮಜ್ಜಿ ಕಥೆ. ಅವನು ಬರಲಿಲ್ಲ. ಹೋದವರು ಬರಲ್ಲ, ಅಚ್ಯುತ."

"ಬರ್ತಾರೆ."

"ಹಾಗಂತ ಸಿನಿಮಾದವರು ಹೇಳ್ತಾರೆ. ಇಲ್ಲಿ ಎಷ್ಟು ಸಿನಿಮಾದವರು ಬಂದು ಹೋಗಿಲ್ಲ! ಕಲ್ಲಿನ ಮುಂದೆ ಕುಣಿದು, ಮತ್ತೆ ಬರ್ತೀವಿ ಅಂತ ಕೈಬೀಸಿ ಹೋದೋರು ಯಾರೂ ಈ ಕಡೆ ತಲೆ ಹಾಕಿಲ್ಲ. ನೀವೂ ಹೋಗ್ತೀರಲ್ಲ ಈ ವಾರದ ಕೊನೆಗೆ."

"ನಾನು ಬೇಲೂರೋನು ಕಣ್ರೀ. ಮನೆಗೆ ಬರ್ದೇ ಎಲ್ಲಿಗೆ ಹೋಗ್ಲಿ?"

"ಮನೆಗೆ ಬರ್ತೀರಿ. ಬೇಲೂರಿಗೆ," ಎಂದಳು. ಹೇಳಿದ ಮೇಲೆ, ಅದರಲ್ಲಿ ತಾನು ಮುಚ್ಚಿಟ್ಟಿದ್ದೆಲ್ಲ ಹೊರಗೆ ಬಿತ್ತಲ್ಲ ಎಂದು ನಾಚಿಕೆಯಾಗಿ ಎದ್ದು ನಡೆದಳು. ಎಲ್ಲಿಗೆಂದು ಅವಳಿಗೂ ಗೊತ್ತಿರಲಿಲ್ಲ. ಏರಿಯ ತುದಿಯವರೆಗೆ ಹೋಗಿ, ಅಲ್ಲಿ ದಾರಿಯಿಲ್ಲವೆಂದು ವಾಪಸ್ ಬಂದಳು. ಅಚ್ಯುತ ನಗು ತಡೆದುಕೊಂಡು ಸಿರಿಯ ಸೈಕಲ್ ಹಿಡಿಯಲು ಓಡಿದ.

ಅವಳಿಗೆ ಈಗ ಎರಡು ಚಿಂತೆ. ಪುಸ್ತಕದ ಹುಡುಗ ಬರಬಾರದು. ಈ ಹುಡುಗ ಬರಬೇಕು. ಒಂದಕ್ಕೆ ಅವನೊಡನೆ ಜಗಳವಾಡಬೇಕು, ಇನ್ನೊಂದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು. ಎರಡೂ ಅವಳಿಂದಾಗದ ಕೆಲಸ.

ಆ ಸಂಜೆ ಮತ್ತೆ ಅರಸೀಕೆರೆ. ಬಣ್ಣ ಬಳಿದ ಹಳೇ ಬೋಗಿಗಳ ಮುಂದೆ ಖಾಕಿ ತೊಟ್ಟ ಊರ ಹುಡುಗರು ಸಾಲಾಗಿ ನಿಂತಿದ್ದರು. ಬಿಸಿಲು ಓರೆಯಾಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ವೇದಾ ಮೇಡಂ "ರೈಟರ್!" ಎಂದು ಕೂಗಿದರು. ಅದೇ ಹೊತ್ತಿಗೆ ಪ್ಲಾಟ್‌ಫಾರಂನ ಆ ತುದಿಯಿಂದ ಒಬ್ಬ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಡಬ್ಬಿ ಹಿಡಿದು, ಕ್ಯಾಮೆರಾದ ಮುಂದೆಯೇ ದಾಪುಗಾಲು ಹಾಕುತ್ತಾ ಬಂದರು.

"ಕಟ್! ಯಾರದು?"

"ನಮ್ಮಜ್ಜಿ," ಎಂದಳು ಶ್ರಾವ್ಯ, ಭೂಮಿ ಬಾಯಿ ಬಿಟ್ಟರೆ ಸಾಕೆನ್ನುವ ದನಿಯಲ್ಲಿ.

ಧರ್ಮಾವತಮ್ಮ ನೇರವಾಗಿ ಮೊಮ್ಮಗಳ ಮುಂದೆ ನಿಂತರು. "ದಿನಾ ಡಬ್ಬಿ ಕಟ್ಟಿದ ಹಾಗೇ ವಾಪಸ್ ಬರ್ತಾ ಐತೆ. ಇವತ್ತು ನಾನೇ ಬಂದೆ. ಹೊತ್ತು ನೋಡೇ, ಇನ್ನು ಅರ್ಧ ಗಂಟೆ ಇಲ್ಲ. ಕೂತ್ಕೋ. ತಿನ್ನು."

"ಅಜ್ಜಿ, ಶಾಟ್ ನಡೀತಾ ಇದೆ..."

"ಶಾಟು ನಾಳೆ ಬರುತ್ತೆ. ಹೊತ್ತು ಮುಳುಗಿದ್ರೆ ನೀನು ನೀರೂ ಕುಡಿಯಲ್ಲ. ಸಾಯ್ಬೇಕು ಅಂತ ಮಾಡಿದೀಯಾ?" ಎಂದವರು ಅಚ್ಯುತನ ಕಡೆ ತಿರುಗಿದರು. "ಏನಪ್ಪಾ, ಇಷ್ಟು ಜನ ಇದೀರ, ಒಬ್ಬರಿಗಾದ್ರೂ ಕೇಳಬೇಕು ಅನ್ನಿಸ್ಲಿಲ್ವಾ?"

ಅಚ್ಯುತ ದಿನಾ ಕೇಳಿದ್ದ. ರಾತ್ರಿ ಎಂಟಕ್ಕೆ, ಪಲಾವಿನ ತಟ್ಟೆ ಹಿಡಿದು ಕೇಳಿದ್ದ. ಅವನು ಮುಚ್ಚಿದ ಡಬ್ಬಿ ನೋಡಿದ, ಕೆಂಪಾದ ಸೂರ್ಯನನ್ನು ನೋಡಿದ, ಕೊನೆಗೆ ಶ್ರಾವ್ಯಳನ್ನು ನೋಡಿದ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ. ಬೇಲೂರಿಗೂ ಹಳೇಬೀಡಿಗೂ ಎಷ್ಟು ಮಹಾ ದೂರ!

"ಹಾಗಾದ್ರೆ ಪದ್ದಿ..." ಎಂದು ನಿಧಾನವಾಗಿ ಕೇಳಿದ. "ಪದ್ದಿ ಡಬ್ಬಿ ತೆಗೀದೇ ಇದ್ದಿದ್ದು..."

"ಕತ್ತಲಾಗಿತ್ತಲ್ಲ! ಅದಕ್ಕೇ."

"ಪ್ರೀತಿಗೆ ಅಲ್ವಾ?"

"ಕತ್ತಲಾದ ಮೇಲೆ ಯಾರ್ರೀ ಊಟ ಮಾಡ್ತಾರೆ?"

"ಇಡೀ ಕರ್ನಾಟಕ ಮಾಡುತ್ತೆ ಕಣ್ರೀ! ನೀವು ಪುಸ್ತಕದಲ್ಲಿ ಎಲ್ಲೂ ಬರೆದೇ ಇಲ್ಲ!"

ಶ್ರಾವ್ಯ ಮನಸ್ಸಿನಲ್ಲೇ ಪುಟ ತಿರುವಿದಳು. ನಿಜ, ಎಲ್ಲೂ ಬರೆದಿರಲಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆಂದು ಯಾರಾದರೂ ಬರೆಯುತ್ತಾರೆಯೇ? ಅವಳ ಮನೆಯಲ್ಲಿ ಅದು ಅಷ್ಟೇ ಸಹಜವಾದ ಮಾತು. ಹುಟ್ಟಿದಾಗಿನಿಂದ ಕಂಡದ್ದನ್ನು ಹೇಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ. ಅಷ್ಟು ಜನ ಓದಿ ಅತ್ತದ್ದು ತಾನು ಬರೆಯದ ಒಂದು ಪ್ರೀತಿಗೆ! ಅವಳಿಗೆ ನಗು ಬಂತು. ಅಚ್ಯುತನಿಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಯೂನಿಟ್ಟಿನವರೆಲ್ಲ ಪಿಳಿಪಿಳಿ ನೋಡಿದರು.

"ನಗ್ತಾ ಕೂತ್ರೆ ಹೊತ್ತು ನಿಲ್ಲಲ್ಲ," ಎಂದು ಅಜ್ಜಿ ಚಪಾತಿ ಮುರಿದು ಮೊಮ್ಮಗಳ ಬಾಯಿಗಿಟ್ಟರು.

ವೇದಾ ಮೇಡಂ ಮಾತ್ರ ನಗಲಿಲ್ಲ. ತಲೆ ಕೆರೆದುಕೊಂಡರು. "ಅಚ್ಯುತ, ಕೊನೇ ಸೀನ್ ಏನ್ ಮಾಡೋಣ? ಈ ಬೋಗಿ ನಮಗೆ ಇನ್ನೊಂದೇ ಸಂಜೆ ಸಿಗೋದು. ಒಂದೇ ಎಂಡಿಂಗ್ ಆಗೋದು. ರಾತ್ರಿ ಊಟದ್ದೇ ಶೂಟ್ ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ ಹೇಳು?"

"ಹಳೇಬೀಡಿಗೆ ಗೊತ್ತಾಗುತ್ತೆ ಮೇಡಂ. ಈಗ ನನಗೂ ಗೊತ್ತು. ಆ ಸೀನ್ ನಾನು ಶೂಟ್ ಮಾಡಲ್ಲ."

ಅವನು ಅಷ್ಟು ಮೆಲ್ಲಗೆ, ಆದರೆ ಅಷ್ಟು ದೃಢವಾಗಿ ಹೇಳಿದ್ದನ್ನು ಕೇಳಿ ಶ್ರಾವ್ಯಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ವೇದಾ ಮೇಡಂ ಮುದುಕಿಯ ಪಕ್ಕ ಬೆಂಚಿನ ಮೇಲೆ ಕೂತರು. "ಅಮ್ಮಾ, ಇದು ನಿಮ್ಮ ಕಥೆಯಂತಲ್ಲ. ನೀವೇ ಹೇಳಿ. ಆ ಹುಡುಗ ಬರಬೇಕೋ, ಬೇಡ್ವೋ?"

ಧರ್ಮಾವತಮ್ಮ ಬಣ್ಣ ಬಳಿದ ಬೋಗಿಯ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. "ಇವಳು ಬರೆದಂಗೆ ನಾನೇನು ಕತ್ತಲಾಗೋವರೆಗೂ ನಿಂತಿರ್ಲಿಲ್ಲ ಕಣಮ್ಮ. ಅಪ್ಪ ಬೈತಾರೆ ಅಂತ ಐದಕ್ಕೇ ಮನೆಗೆ ಹೋಗಿ ಉಂಡೆ. ಅವನ ಹೆಸರೂ ಕೇಳಿರ್ಲಿಲ್ಲ. ಡಬ್ಬಿ ಮಾತ್ರ ನಮ್ಮಮ್ಮನ ತವರಿಂದು." ಕೊನೆಯ ಕಿಟಕಿಯಿಂದ ಕಣ್ಣು ತೆಗೆದರು. "ಬರ್ಬೇಕಿತ್ತು. ಬರ್ಲಿಲ್ಲ. ಬಂದ ಅಂತ ನೀವು ತೋರಿಸಿದ್ರೆ ನಂಗೂ ಸಂತೋಷವೇ. ಆದ್ರೆ ನಾನು ನಂಬಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಪ್ರೊಡ್ಯೂಸರ್‌ಗೆ ಏನು ಹೇಳುವುದೆಂದು ಯೋಚಿಸುತ್ತಾ ವೇದಾ ಮೇಡಂ ಫೋನ್ ಹಿಡಿದು ದೂರ ಹೋದರು. ಹೋಗುವ ಮುಂಚೆ ಅಜ್ಜಿಯ ಡಬ್ಬಿಯಿಂದ ಒಂದು ಕೊಬ್ಬರಿ ಮಿಠಾಯಿ ತೆಗೆದುಕೊಂಡು ಹೋದರು.

ಕೊನೆಯ ದಿನ ಐದು ಗಂಟೆಗೇ ಯೂನಿಟ್ಟಿಗೆಲ್ಲ ಊಟ ಬಂತು. ಅಚ್ಯುತನ ಹುಕುಂ. "ಐದ್ ಗಂಟೆಗೆ ಉಂಡ್ರೆ ರಾತ್ರಿಕೇನ್ ಸಾ ತಿನ್ನಾದು?" ಎಂದು ದೇವೀರಪ್ಪ ಗೊಣಗುತ್ತಲೇ ಬಡಿಸಿದ. ಲೈಟಿನವರು, ಖಾಕಿ ತೊಟ್ಟ ಸಿಪಾಯಿಗಳು, ವೇದಾ ಮೇಡಂ, ಎಲ್ಲರೂ ಪ್ಲಾಟ್‌ಫಾರಂ ಮೇಲೆ ಸಾಲಾಗಿ ಕೂತರು. ಶ್ರಾವ್ಯ ಡಬ್ಬಿ ಬಿಚ್ಚಿದಳು. ಅಚ್ಯುತ ತನ್ನ ತಟ್ಟೆ ತಂದು ಅವಳೆದುರು ಕೂತ.

"ಊಟ ಆಯ್ತಾ?"

"ಕಣ್ಣು ಕಾಣಲ್ವಾ? ಮಾಡ್ತಾ ಇದೀನಿ."

"ಕೇಳೋದು ಅಭ್ಯಾಸ ಆಗೋಗಿದೆ." ಅವನು ಅವಳ ಡಬ್ಬಿಯತ್ತ ಕಣ್ಣು ಹಾಯಿಸಿದ. "ಅವರೆಕಾಳಾ? ಒಂದ್ ಸ್ಪೂನ್ ಕೊಡಬಹುದಲ್ವಾ?"

"ನಿಮ್ಮ ತಟ್ಟೇಲಿ ಆಲೂಗಡ್ಡೆ ಪಲ್ಯ ಇದೆ. ನೆಲದೊಳಗೆ ಬೆಳೆಯೋದನ್ನ ನಾವು ಮುಟ್ಟಲ್ಲ. ಅದರ ಪಕ್ಕಕ್ಕೆ ನಮ್ಮ ಅವರೆಕಾಳು ಬರಲ್ಲ."

"ಹಾಸನ ಜಿಲ್ಲೇಲಿ ಹುಟ್ಟಿ ಆಲೂಗಡ್ಡೆ ಬಿಡೋದಾ?"

"ಬಿಡಿ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ," ಎಂದವನು ಎದ್ದುಹೋಗಿ ತಟ್ಟೆ ತೊಳೆದು, ಖಾಲಿ ತಟ್ಟೆ ಹಿಡಿದು ವಾಪಸ್ ಬಂದು ಕೂತ. "ಈಗ?"

ಶ್ರಾವ್ಯ ಬಡಿಸಿದಳು. ಸ್ಪೂನು ತಟ್ಟೆಯ ಅಂಚಿಗೆ ತಾಗಿ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಅವನು ಅದನ್ನು ನೋಡಿದ್ದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಇಬ್ಬರೂ ತಲೆ ತಗ್ಗಿಸಿ ಜಗತ್ತಿನಲ್ಲಿ ಅವರೆಕಾಳೊಂದೇ ಇರುವಂತೆ ತಿಂದರು.

ಆಮೇಲೆ ಬೆಳಕು ಬಂತು, ಹೋಯಿತು. ದೀಪ ಹತ್ತಿದ ಹೊತ್ತಿಗೆ ಸಿರಿ ಹನ್ನೊಂದನೇ ಬೋಗಿಯ ಕಿಟಕಿಗೆ ಡಬ್ಬಿ ಎತ್ತಿ ಹಿಡಿದಳು. ಒಳಗಿನ ಅಪರಿಚಿತ ಸಿಪಾಯಿ ಅದನ್ನು ತೆಗೆದುಕೊಂಡು, ಗಬಗಬ ತಿನ್ನುತ್ತಾ, ಒಮ್ಮೆ ತಲೆಯೆತ್ತಿ ಅವಳನ್ನು ನೋಡಿ, ತಿನ್ನುವುದನ್ನು ನಿಲ್ಲಿಸಿದ. "ತಿನ್ನಿ," ಎಂದಳು ಸಿರಿ. "ನಾನು ಕತ್ತಲಾದ ಮೇಲೆ ಉಣ್ಣಲ್ಲ." ಅದು ಅಚ್ಯುತ ಹೊಸದಾಗಿ ಬರೆದ ಮಾತು. ಮಾನಿಟರ್ ಹತ್ತಿರ ಕೂತಿದ್ದ ಧರ್ಮಾವತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಶ್ರಾವ್ಯ ಬಿಕ್ಕಿ ಬಿಕ್ಕಿ ಅತ್ತಳು. ಪದ್ದಿಗಾಗಿ ಅತ್ತಳೋ, ನಾಳೆ ಖಾಲಿಯಾಗುವ ಈ ಪ್ಲಾಟ್‌ಫಾರಂಗಾಗಿ ಅತ್ತಳೋ, ಅವಳನ್ನೇ ಕೇಳಬೇಕು.

ಪ್ಯಾಕಪ್ ಆಯಿತು. ವ್ಯಾನ್ ಹತ್ತುವ ಮುಂಚೆ ಅಚ್ಯುತ ಬಂದು ನಿಂತ.

"ಎಡಿಟಿಂಗ್ ಮುಗಿಸಿ ಸಂಕ್ರಾಂತಿ ಆದ ಮೇಲಿನ ಭಾನುವಾರ ಬರ್ತೀನಿ. ಬೇಲೂರಿಗಲ್ಲ. ನಿಮ್ಮನೆಗೆ. ಊಟಕ್ಕೆ."

"ಹೊತ್ತಿರೋವಾಗ ಬರಬೇಕಾಗುತ್ತೆ."

"ಬರ್ತೀನಿ."

ಅವಳು ನಂಬಿದಳೇ? ಅವಳು ಬರೆದದ್ದು ಬರುತ್ತೇನೆಂದು ಹೇಳಿ ಬಾರದವನ ಕಥೆ. ನಂಬುವುದು ಅವಳ ಕಸುಬಾಗಿರಲಿಲ್ಲ. ಆದರೆ ಸಂಕ್ರಾಂತಿಗೆ ಅವಳು ಎಳ್ಳು-ಬೆಲ್ಲ ಬೀರುವಾಗ ಎರಡು ಮನೆಗೆ ಎರಡೆರಡು ಸಲ ಹೋದಳು, ಮಕ್ಕಳ ನೋಟ್ಸಿನಲ್ಲಿ ಸರಿಯಿದ್ದದ್ದಕ್ಕೆ ತಪ್ಪು ಹಾಕಿದಳು. ಫೋನಿನಲ್ಲಿ ಅವನು ದಿನಾ ಸಂಜೆ ಐದೂವರೆಗೆ "ಊಟ ಆಯ್ತಾ?" ಎಂದು ಮೆಸೇಜ್ ಮಾಡುತ್ತಿದ್ದ. "ಆಯ್ತು" ಎಂದು ಅವಳು ಕಳಿಸುತ್ತಿದ್ದಳು. ಈಗ ಅದು ನಿಜವಾಗಿರುತ್ತಿತ್ತು.

ಆ ಭಾನುವಾರ ಅಪ್ಪ ನೇಮಿರಾಜ ತೆಂಗಿನ ವ್ಯಾಪಾರದ ಮೇಲೆ ಕಣಕಟ್ಟೆಗೆ ಹೋಗಿದ್ದರು. ಶ್ರಾವ್ಯ ಮಧ್ಯಾಹ್ನದಿಂದಲೇ ಒಳಗೆ ಹೊರಗೆ ತಿರುಗುತ್ತಿದ್ದಳು. ಜಗಲಿ ಗುಡಿಸಿದಳು, ಮತ್ತೆ ಗುಡಿಸಿದಳು. ಅರಸೀಕೆರೆಯಿಂದ ಬರುವ ಪ್ರತಿ ಬಸ್ಸಿನ ಹಾರ್ನಿಗೂ ಬಾಗಿಲಿಗೆ ಬಂದು, ಹಾರ್ನ್ ದಾಟಿಹೋದ ಮೇಲೆ ಗಿಡಕ್ಕೆ ನೀರು ಹಾಕುವವಳಂತೆ ನಟಿಸಿದಳು. ತುಂಬೆಗಿಡದ ಬುಡ ಕೆಸರಾಗಿಹೋಗಿತ್ತು.

ಐದು ಗಂಟೆಗೆ ಫೋನ್ ಸದ್ದು ಮಾಡಿತು. 'ಟ್ರೈನ್ ತಿಪಟೂರಲ್ಲೇ ನಿಂತುಬಿಟ್ಟಿದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಹೊತ್ತಿಗೆ ಬರೋಕಾಗಲ್ಲ. ನೀವು ಊಟ ಮಾಡಿಬಿಡಿ. ಪ್ಲೀಸ್.'

ಅವಳು ಓದಿ ಫೋನನ್ನು ಬೋರಲು ಹಾಕಿದಳು.

"ಬಡಿಸಿದೀನಿ ಬಾರೇ," ಎಂದು ಅಜ್ಜಿ ಕರೆದರು. ಅಕ್ಕಿರೊಟ್ಟಿ, ಅವರೆಕಾಳು, ತುಪ್ಪ. ಮೂರು ತಟ್ಟೆ ಹಾಕಿದ್ದರು. ಒಂದು ಖಾಲಿಯಾಗಿತ್ತು.

"ನೀವು ಮಾಡಿ ಅಜ್ಜಿ. ನಂಗೆ ಆಮೇಲೆ."

"ಆಮೇಲೆ ಅಂದ್ರೆ ಯಾವಾಗ? ಬೆಳಿಗ್ಗೆನಾ?"

ಶ್ರಾವ್ಯ ಜಗಲಿಗೆ ಬಂದು ಕೂತಳು. ಬಿಸಿಲು ಬಸದಿಯ ಗೋಡೆಯ ಮೇಲೆ ಮೇಲೆ ಏರುತ್ತಾ ಹೋಯಿತು. ಇನ್ನೂ ಹೊತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹೋದರೆ ಬಿಸಿ ರೊಟ್ಟಿ. ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳು ಏಳಲಿಲ್ಲ. ಬಿಸಿಲು ಸೂರಿನ ಅಂಚಿಗೆ ಬಂತು. ಏಳಲಿಲ್ಲ. ಆಮೇಲೆ ಅಂಚಿನಿಂದಲೂ ಜಾರಿತು, ಹಕ್ಕಿಗಳೆಲ್ಲ ಒಮ್ಮೆಗೇ ಕೂಗಿ ಸುಮ್ಮನಾದವು. ಅಜ್ಜಿ ಅಡುಗೆಮನೆಯಲ್ಲಿ ಪಾತ್ರೆ ಮುಚ್ಚಿದ ಸದ್ದು ಕೇಳಿಸಿತು.

ಧರ್ಮಾವತಮ್ಮ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತರು. "ಹೊತ್ತಿದ್ದಾಗ ಬಡಿಸಿದೆ. ನೀನು ಉಣ್ಣಲಿಲ್ಲ. ಇದು ಧರ್ಮ ಅಲ್ಲ ಕಣೇ, ಇದು ಬೇರೆ ಏನೋ," ಎಂದರು. ಸಿಟ್ಟಿರಲಿಲ್ಲ. ಒಳಗೆ ಹೋಗುವಾಗ ಮೊಮ್ಮಗಳ ತಲೆಯ ಮೇಲೆ ಒಮ್ಮೆ ಕೈಯಾಡಿಸಿ ಹೋದರು.

ಬೀದಿದೀಪ ಹತ್ತಿ ಬಹಳ ಹೊತ್ತಾದ ಮೇಲೆ ತಿರುವಿನಿಂದ ಒಬ್ಬ ಓಡಿಬಂದ. ಹೆಗಲಲ್ಲಿ ಬ್ಯಾಗು, ಕೆದರಿದ ತಲೆ, ಅಂಗಿಯ ತುಂಬ ಬಸ್ಸಿನ ಧೂಳು. ಬೇಲಿಯ ಹತ್ತಿರ ನಿಂತು ಏದುಸಿರು ಬಿಟ್ಟ. ಆಕಾಶ ನೋಡಿದ. ಅವನ ಮುಖ ಸಪ್ಪಗಾಯಿತು.

"ತಪ್ಪೋಯ್ತು," ಎಂದ. "ಅರಸೀಕೆರೇಲಿ ಇಳಿದು ಬಸ್ಸಿಗೆ ಎಷ್ಟು ಓಡಿದೆ ಅಂದ್ರೆ..." ಮಾತು ನಿಲ್ಲಿಸಿ, ಅವಳನ್ನು ನೋಡಿ, ಅಭ್ಯಾಸಬಲದಿಂದ ಕೇಳಿದ. "ಊಟ ಆಯ್ತಾ?"

ಶ್ರಾವ್ಯ ಈ ಸಲ ಅವನ ಮುಖ ನೋಡಿಯೇ ಹೇಳಿದಳು.

"ಇಲ್ಲ."

"ಯಾಕೆ? ನಾನು ಮೆಸೇಜ್ ಮಾಡಿದ್ನಲ್ಲ. ಆಗಿನ್ನೂ ಹೊತ್ತಿತ್ತಲ್ಲ?"

"ಇತ್ತು."

ಅವನು ಇನ್ನೊಂದು ಪ್ರಶ್ನೆ ಕೇಳದೆ ಬೇಲಿ ದಾಟಿ ಒಳಗೆ ಬಂದ. ನಾಲ್ಕು ಸಲ ಪುಸ್ತಕ ಓದಿದವನಲ್ಲವೇ? ಯಾವ ಹುಡುಗಿ ಯಾವುದಕ್ಕೆ ಊಟ ಬಿಡುತ್ತಾಳೆಂದು ಈಗ ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬ್ಯಾಗು ಹೆಗಲಿನಿಂದ ಜಾರಿ ಕೆಸರಾದ ತುಂಬೆಗಿಡದ ಮೇಲೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

"ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದ ಅಚ್ಯುತ. "ಇಲ್ಲೇ ತಿನ್ನೋಣ ಅಂತ."

"ಈ ಮನೇಲಿ ಈಗ ಒಲೆ ಹಚ್ಚಲ್ಲ."

"ಗೊತ್ತು."

"ಬಸ್ ಸ್ಟ್ಯಾಂಡ್ ಹತ್ರ ಹೋಟ್ಲಿದೆ."

"ಗೊತ್ತು," ಎಂದು ಅವನು ಜಗಲಿಯ ಮೇಲೆ, ಈ ಸಲ ಮಾರು ಅಂತರ ಬಿಡದೆ, ಅವಳ ಪಕ್ಕದಲ್ಲೇ ಕೂತ. ಅವಳ ಕೈ ಹಿಡಿದ. ಹಸಿವಿಗೆ ತಣ್ಣಗಾಗಿದ್ದ ಎರಡು ಕೈಗಳು. ಅವನ ಹೊಟ್ಟೆ ಗುರ್ರೆಂದಿತು. ಅವಳಿಗೆ ನಗು ಉಕ್ಕಿತು, ಅದರ ಜೊತೆಗೇ ಕಣ್ಣೀರೂ.

"ನೀವು ಬಂದ್ರಿ," ಎಂದಳು.

"ಲೇಟಾಗಿ ಬಂದೆ."

"ಬಂದ್ರಿ."

ಒಳಗಿನಿಂದ ಅಜ್ಜಿಯ ದನಿ ಬಂತು. "ಶ್ರಾವ್ಯ, ಬೇಲೂರಿನ ಕೊನೇ ಬಸ್ಸು ಹೋಗುತ್ತೆ, ಆ ಹುಡುಗನ್ನ ಕಳಿಸು. ಬೆಳಿಗ್ಗೆ ಹೊತ್ತು ಹುಟ್ಟಿದ ಮೇಲೆ ಬಾ ಅನ್ನು. ಇಬ್ಬರ ತಟ್ಟೇನೂ ತೊಳೆದು ಇಟ್ಟಿರ್ತೀನಿ."

ಬೆಳಿಗ್ಗೆ ಶ್ರಾವ್ಯ ಚಿಲಕ ತೆಗೆದಾಗ ಸೂರ್ಯ ಇನ್ನೂ ಬಸದಿಯ ಹಿಂದಿನ ತೆಂಗಿನ ಗರಿಗಳಲ್ಲಿ ಸಿಕ್ಕಿಕೊಂಡಿದ್ದ. ಬೇಲಿಗೆ ಒಂದು ಬೈಕು ಒರಗಿತ್ತು. ಜಗಲಿಯ ಮೇಲೆ, ಸ್ನಾನ ಮಾಡಿದ ಒದ್ದೆ ತಲೆಯಲ್ಲಿ, ಅಚ್ಯುತ ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗಿದ್ದ. ಅವಳು ಪಕ್ಕದಲ್ಲಿ ಕೂತು ಅವನ ಭುಜ ಮೆಲ್ಲಗೆ ಅಲುಗಾಡಿಸಿದಳು.

"ಏಳಿ," ಎಂದಳು. "ಹೊತ್ತು ಹುಟ್ಟಿತು."